ಹೆಲೆನ್ ಒಬ್ಬಳಿಗಾಗಿ ಅಷ್ಟು ದೊಡ್ಡ ಯುದ್ಧವೇ?

ಟ್ರಾಯ್ ಯುದ್ಧದ ಬಗ್ಗೆ ಗ್ರೀಕ್ ಕವಿ ಹೋಮರ್ ಬರೆದ ಇಲಿಯಡ್ ಓದುತ್ತಿದ್ದೇನೆ ಅಂದರೆ ಸಾಕು, ಎಲ್ಲರೂ ಕೇಳುವುದು ಒಂದೇ: "ಒಬ್ಬ ಹೆಂಗಸಿಗಾಗಿ ಹತ್ತು ವರ್ಷ ಹೊಡೆದಾಡಿದರಂತೆ, ಹೌದಾ?" ದ್ರೌಪದಿ ನಕ್ಕಿದ್ದಕ್ಕೇ ಕುರುಕ್ಷೇತ್ರ ನಡೆಯಿತು ಅನ್ನುವವರ ಧಾಟಿಯೇ ಇದು.

ಹೆಣ್ಣು, ಹೊನ್ನು, ಮಣ್ಣು ಎಂದು ಒಂದೇ ಉಸಿರಿಗೆ ಹೇಳುವ ನಾವು ಟ್ರಾಯ್ ವಿಷಯಕ್ಕೆ ಬಂದರೆ ಮೊದಲನೆಯದಕ್ಕೇ ನಿಂತುಬಿಡುತ್ತೇವೆ. ಹೋಮರ್ ನಿಲ್ಲುವುದಿಲ್ಲ. 3ನೇ ಸರ್ಗದಲ್ಲಿ ಹೆಲೆನ್‌ಳನ್ನು ಕರೆತಂದ ಟ್ರಾಯ್‌ನ ರಾಜಕುಮಾರ ಪ್ಯಾರಿಸ್‌ಗೂ ಅವಳ ಮೊದಲ ಗಂಡ, ಗ್ರೀಕ್ ರಾಜ ಮೆನೆಲಾಸ್‌ಗೂ ದ್ವಂದ್ವಯುದ್ಧ ನಿಗದಿಯಾದಾಗ ಗೆದ್ದವನಿಗೆ ಸಿಗಬೇಕಾದದ್ದು ಹೆಲೆನ್ ಮತ್ತು ಅವಳೊಂದಿಗೆ ಬಂದ ಸಂಪತ್ತು. ಎರಡೂ ಜೋಡಿಯಾಗಿಯೇ ಬರುತ್ತವೆ. ಪ್ಯಾರಿಸ್‌ನ ತಂದೆ, ಟ್ರಾಯ್‌ನ ಮುದುಕ ರಾಜ ಪ್ರಿಯಾಮ್ ಕೋಟೆಯ ಮೇಲೆ ಕೂತು ಸೊಸೆಗೆ ಹೇಳುತ್ತಾನೆ: ತಪ್ಪು ನಿನ್ನದಲ್ಲ ಮಗಳೇ, ದೇವರುಗಳದ್ದು. ಇನ್ನು ಯಾರು ಚೆಲುವೆ ಎಂದು ಮೂವರು ದೇವತೆಯರು ಜಗಳವಾಡಿದ ಚಿನ್ನದ ಸೇಬಿನ ಕಥೆಯನ್ನು ಇಲ್ಲಿ ಹುಡುಕಬೇಡಿ, ಇಲಿಯಡ್‌ನಲ್ಲಿ ಅದಿಲ್ಲ.

ಗ್ರೀಕರಿಗೇ ಈ ಕಾರಣ ಗಂಟಲಲ್ಲಿ ಇಳಿದಿರಲಿಲ್ಲ. ಕ್ರಿ.ಪೂ. 5ನೇ ಶತಮಾನದ ಇತಿಹಾಸಕಾರ ಹೆರೊಡೋಟಸ್, ಹೆಲೆನ್ ಟ್ರಾಯ್‌ಗೆ ಹೋಗಲೇ ಇಲ್ಲ, ಈಜಿಪ್ಟಿನಲ್ಲಿದ್ದಳು ಎಂಬ ಮಾತನ್ನು ನಂಬಿದ. ಇದ್ದಿದ್ದರೆ ಮಕ್ಕಳನ್ನು ಬಲಿಕೊಡುವ ಬದಲು ಪ್ರಿಯಾಮ್ ಅವಳನ್ನು ಒಪ್ಪಿಸುತ್ತಿರಲಿಲ್ಲವೇ ಎಂಬುದು ಅವನ ವಾದ. ಇನ್ನೊಬ್ಬ ಇತಿಹಾಸಕಾರ ಥುಸಿಡಿಡೀಸ್ ಇನ್ನೂ ಖಾರ: ಉಳಿದ ಗ್ರೀಕ್ ರಾಜರು ಬಂದದ್ದು ಹೆಲೆನ್‌ಳ ಸ್ವಯಂವರದ ಹೊತ್ತಿಗೆ ಅವಳ ತಂದೆಗೆ ಕೊಟ್ಟ ಮಾತಿಗಲ್ಲ, ಮೆನೆಲಾಸ್‌ನ ಅಣ್ಣ, ಗ್ರೀಕ್ ಸೈನ್ಯದ ನಾಯಕ ಅಗಮೆಮ್ನಾನ್‌ನ ಬಲಕ್ಕೆ ಹೆದರಿ.

ಕಥೆಯನ್ನು ನಾನೇ ಹೊಸದಾಗಿ ಬರೆಯುವುದಾದರೆ 7ನೇ ಸರ್ಗದ ಇಡಾಯಸ್‌ನಿಂದ ಶುರು ಮಾಡುತ್ತೇನೆ. ಅವನು ಟ್ರಾಯ್‌ನ ದೂತ. ಬೆಳಗಾಗುತ್ತಲೇ ಗ್ರೀಕರ ಹಡಗುಗಳ ಬಳಿ ಹೋಗಿ ಪ್ಯಾರಿಸ್‌ನ ಮಾತು ತಲುಪಿಸುತ್ತಾನೆ: ತಂದ ಸಂಪತ್ತನ್ನೆಲ್ಲ ವಾಪಸ್ ಕೊಡುತ್ತಾನಂತೆ, ಮೇಲೆ ತನ್ನದನ್ನೂ ಸೇರಿಸುತ್ತಾನಂತೆ, ಹೆಲೆನ್‌ಳನ್ನು ಮಾತ್ರ ಕೊಡುವುದಿಲ್ಲವಂತೆ. ನಡುವೆ ತನ್ನದೇ ಒಂದು ಮಾತು ಸೇರಿಸುತ್ತಾನೆ, ಅದನ್ನೆಲ್ಲ ತರುವ ಮುಂಚೆಯೇ ಪ್ಯಾರಿಸ್ ಸಾಯಬಾರದಿತ್ತೇ! ಒಡೆಯನ ಸಂದೇಶದೊಳಗೇ ಒಡೆಯನಿಗೆ ಶಾಪ. ಗ್ರೀಕರೆಲ್ಲ ಸುಮ್ಮನಾಗುತ್ತಾರೆ. ಕೊನೆಗೆ ಗ್ರೀಕ್ ವೀರ ಡಯೊಮಿಡೀಸ್ ಹೇಳುತ್ತಾನೆ: ಸಂಪತ್ತೂ ಬೇಡ, ಹೆಲೆನ್‌ಳೇ ಬಂದರೂ ಬೇಡ, ಟ್ರಾಯ್‌ಗೆ ಕೇಡುಗಾಲ ಬಂದಿದೆ ಅನ್ನುವುದು ದಡ್ಡನಿಗೂ ಗೊತ್ತು. ಸೈನಿಕರು ಜೈಕಾರ ಹಾಕುತ್ತಾರೆ.

ಹೆಲೆನ್‌ಳೂ ಬೇಡವಂತೆ! ಹಾಗಾದರೆ ಅಷ್ಟು ದಿನ ಕಾದಾಡಿದ್ದು ಯಾತಕ್ಕೆ? ಇದನ್ನು ಓದಿದ ರಾತ್ರಿ ನಾನು ಪುಸ್ತಕ ಮುಚ್ಚಿಟ್ಟೆ. ಗೆಲ್ಲುವ ವಾಸನೆ ಹತ್ತಿದ ಸೈನ್ಯಕ್ಕೆ ಮೂಲ ದೂರೇ ಬೇಕಿರಲಿಲ್ಲ.

ಆ ದೂತ ಕೇಳಿದ್ದರಲ್ಲಿ ನಡೆದದ್ದು ಒಂದೇ, ಹೆಣ ಸುಡಲು ಬಿಡುವು. ಆಮೇಲೆ ಎರಡೂ ಕಡೆಯವರು ಒಂದೇ ಬಯಲಿಗೆ ಬರುತ್ತಾರೆ. ಯಾರ ಹೆಣ ಯಾವುದೆಂದು ಗುರುತು ಹತ್ತುವುದಿಲ್ಲ. ನೀರು ಹಾಕಿ ರಕ್ತ ತೊಳೆದು, ಬಂಡಿಗೆ ಏರಿಸುತ್ತಾರೆ. ಗಟ್ಟಿಯಾಗಿ ಅಳಬಾರದೆಂದು ಪ್ರಿಯಾಮ್‌ನ ಅಪ್ಪಣೆ.