ಹಳೆಯ ಬೋರಮಾಳ ಮೂಸೆಗೆ ಬೀಳುವ ಮೊದಲು

ಹುಬ್ಬಳ್ಳಿ, ಗದಗ ಕಡೆಯ ಬಂಗಾರದ ಅಂಗಡಿಗೆ ಕೆಲಸಕ್ಕೆ ಸೇರಿದವರು ಮೊದಲು ಕಲಿಯಬೇಕಾದದ್ದು ಹಳೆಯ ಬೋರಮಾಳ, ಅಂದರೆ ಬಂಗಾರದ ಗುಂಡುಗಳ ಸರ, ತೂಗುವುದನ್ನು. ಹೊಸ ಸಾಮಾನು ಮಾರುವಾಗ ತಕರಾರು ಕಡಿಮೆ. ಹಳೆಯದನ್ನು ಮುರಿಸಿ ಹೊಸದು ಮಾಡಿಸುವಾಗಲೇ ಮಾತು ಬೆಳೆಯುವುದು.

ಬೋರಮಾಳದ ಗುಂಡು ಗಟ್ಟಿಯಲ್ಲ. ತೆಳು ತಗಡಿನ ಗುಂಡು, ನಜ್ಜಾಗದಿರಲೆಂದು ಒಳಗೆ ಅರಗು. ತಕ್ಕಡಿಯಲ್ಲಿ ಅರಗೂ ಬಂಗಾರದ ಲೆಕ್ಕಕ್ಕೆ ಸೇರುತ್ತದೆ. ಹೀಗಾಗಿ ಬೆಂಕಿ ಹಚ್ಚುವ ಮೊದಲೇ ಹೇಳಿಬಿಡಬೇಕು: "ಅಕ್ಕಾರ, ಇದರಾಗ ಅರಗ ಐತ್ರಿ, ತೂಕ ಇಳೀತದ, ನಿಮ್ಮ ಎದುರಿಗೇ ತೆಗಿತೀವಿ." ಕರಗಿಸಿದ ಮೇಲೆ ಇದೇ ಮಾತು ಹೇಳಿದರೆ ಯಾರೂ ನಂಬುವುದಿಲ್ಲ.

ನೇರವಾಗಿ ಗ್ಯಾಸಿನ ಉರಿ ಕೊಡಬೇಡಿ. ಒಳಗಿನ ಆವಿಗೆ ದಾರಿ ಸಿಗದೆ ಗುಂಡು ಸಿಡಿಯುತ್ತದೆ, ಚೂರು ಹಾರಿದರೆ ನಷ್ಟ ಗಿರಾಕಿಯದು. ದಾರ ಬಿಚ್ಚಿ, ರಂಧ್ರ ಕೆಳಮುಖವಾಗಿಟ್ಟು ಸಣ್ಣಗೆ ಬಿಸಿ ಮಾಡಿದರೆ ಅರಗು ಮೆತ್ತಗಾಗಿ ಇಳಿಯುತ್ತದೆ. ಉಳಿದದ್ದನ್ನು ಸುಟ್ಟು, ಆರಿಸಿ, ಮತ್ತೆ ತೂಗಬೇಕು.

ಲೆಕ್ಕ ಹೀಗೆ: ಮೊದಲ ತೂಕ 22.4 ಗ್ರಾಂ, ಅರಗು ಹೋಗಿ 18.9. ಪರೀಕ್ಷೆಯಲ್ಲಿ ಶೇ. 88 ಬಂದರೆ ಅಪ್ಪಟ ಬಂಗಾರ 16.63 ಗ್ರಾಂ, 916ರ (ಶೇ. 91.6, ಅಂದರೆ 22 ಕ್ಯಾರೆಟ್) ಲೆಕ್ಕದಲ್ಲಿ 18.16 ಗ್ರಾಂ. ಈ ಅಂಕಿಗಳೆಲ್ಲ ಚೀಟಿಯಲ್ಲಿರಲಿ. ಮನೆಯ ಹಳೆಯ ಚೀಟಿಯಲ್ಲಿ "2 ತೊಲಿ" ಎಂದಿದ್ದರೆ ಅದು 11.66 ಗ್ರಾಮಿನ ತೊಲಿ, ಅಂದರೆ 23.3 ಗ್ರಾಂ. ಈಗ ಬಾಯಿಮಾತಿನ ತೊಲಿ 10 ಗ್ರಾಂ. ಎಷ್ಟೋ ಜಗಳ ಹುಟ್ಟುವುದು ಇಲ್ಲಿಯೇ.

ಎಕ್ಸ್‌ರೇ ಯಂತ್ರ ಶುದ್ಧತೆಯನ್ನು ಮೇಲ್ಮೈಯಲ್ಲಷ್ಟೇ ಓದುತ್ತದೆ. ಮುಲಾಮು (ಮೇಲೆ ಬಂಗಾರದ ಲೇಪ) ಕೊಟ್ಟ ಸಾಮಾನು ಮೋಸ ಮಾಡಬಹುದು, ಆದ್ದರಿಂದ ಕೊಂಚ ಅರದಿಂದ ಉಜ್ಜಿ ಇನ್ನೊಮ್ಮೆ ಇಡಿ. ಬೆಸುಗೆಯ ಜಾಗ ಬೇರೆ ಅಂಕಿ ಕೊಡುತ್ತದೆ, ಬೆಸುಗೆಯಲ್ಲಿ ಮಿಶ್ರಲೋಹ ಹೆಚ್ಚು. ಒರೆಗಲ್ಲಿನ ಮೇಲೆ ನೈಟ್ರಿಕ್ ಆಸಿಡ್ ಬಿದ್ದರೆ ಹಿತ್ತಾಳೆಯ ಗೀಟು ಅಳಿಯುತ್ತದೆ, ಬಂಗಾರದ್ದು ನಿಲ್ಲುತ್ತದೆ. ಆದರೆ 18 ಮತ್ತು 22 ಕ್ಯಾರೆಟ್ ಬೇರ್ಪಡಿಸಲು ಅದೊಂದೇ ಸಾಲದು. ಅಪ್ಪಟ ಬಂಗಾರದ ಸಾಂದ್ರತೆ 19.3 ಎಂದು ನೀರಿನಲ್ಲಿ ತೂಗಿ ನೋಡುವ ವಿಧಾನ ಗಟ್ಟಿ ಬಳೆಗೆ ಸರಿ, ಅರಗು ತುಂಬಿದ ಗುಂಡಿಗೆ ಕೆಲಸಕ್ಕೆ ಬಾರದು.

ಕರಗಿಸುವಾಗ ಮೂಸೆಗೆ (ಕರಗಿಸುವ ಪಾತ್ರೆಗೆ) ಬಿಳಿಗಾರ ಹಾಕಿದರೆ ಕಸರು ಮೇಲೆ ಬರುತ್ತದೆ. ಅಪ್ಪಟ ಬಂಗಾರ ಕರಗುವುದು 1064 ಡಿಗ್ರಿಗೆ; ಕೆಡಿಎಂ, ಅಂದರೆ ಕ್ಯಾಡ್ಮಿಯಂ ಬೆರೆಸಿದ ಬೆಸುಗೆಯಲ್ಲಿ ಆ ಕ್ಯಾಡ್ಮಿಯಂ 767ಕ್ಕೇ ಕುದಿದು ಹೊಗೆಯಾಗುತ್ತದೆ. ಆ ಹೊಗೆ ಶ್ವಾಸಕೋಶ, ಮೂತ್ರಪಿಂಡ ಎರಡಕ್ಕೂ ವಿಷ. ಹೊಗೆ ಎಳೆಯುವ ಫ್ಯಾನ್ ಇಲ್ಲದ ಕೋಣೆಯಲ್ಲಿ ಪತ್ತಾರರನ್ನು (ಅಕ್ಕಸಾಲಿಗರನ್ನು) ಕೂರಿಸುವುದು ತಪ್ಪು. ಚಿಟಿಕೆ ಸೀಸ ಬೆರೆತರೂ ಬಂಗಾರದ ಗಟ್ಟಿ ಸುತ್ತಿಗೆ ಏಟಿಗೆ ಒಡೆಯುತ್ತದೆ, ಬಂಗಾರದ ಮೂಸೆ ಬೇರೆಯದೇ ಇರಲಿ.

ತೂಕದ ಜೊತೆ ಗುಣವನ್ನೂ ಹೇಳುವುದು ಈ ನೆಲಕ್ಕೆ ಹೊಸದಲ್ಲ. ಗದಗದ ಪಕ್ಕದ ಲಕ್ಕುಂಡಿ (ಹಳೆಯ ಹೆಸರು ಲೊಕ್ಕಿಗುಂಡಿ) ಕಲ್ಯಾಣ ಚಾಲುಕ್ಯರ ಕಾಲದ ಟಂಕಸಾಲೆ, ಅಂದರೆ ನಾಣ್ಯ ಅಚ್ಚು ಹಾಕುವ ಊರು. ಶಾಸನಗಳಲ್ಲಿ ಬರಿಯ ಗದ್ಯಾಣ (ಬಂಗಾರದ ನಾಣ್ಯ) ಎನ್ನದೆ "ಲೊಕ್ಕಿ ಗದ್ಯಾಣ" ಎಂದೇ ಬರೆದದ್ದುಂಟು. ಯಾವ ನಾಣ್ಯ ಎಂಬುದು ಗೊತ್ತಾದರೇ ಅದರ ಬೆಲೆ ಗೊತ್ತಾಗುವುದು. ಇಂದು ಆ ಜಾಗದಲ್ಲಿ 22ಕೆ916 ಮುದ್ರೆ ಮತ್ತು ಪ್ರತಿ ಒಡವೆಗೂ ಬೇರೆಯಾದ ಆರು ಅಕ್ಷರ-ಅಂಕಿಯ ಗುರುತು, ಎಚ್‌ಯುಐಡಿ ಇದೆ. ಹಳೆಯ ಬೋರಮಾಳಕ್ಕೆ ಇವೆರಡೂ ಇಲ್ಲ.

ದಸರೆಯಲ್ಲಿ ಬನ್ನಿ ಎಲೆಯನ್ನೇ ಬಂಗಾರವೆಂದು ಕೈಗಿಡುವ ಜನ ನಮ್ಮವರು. ಅವರ ಅವ್ವನ ಸರ ಮುರಿಯುವ ಮೊದಲು ಒಂದು ಗುಂಡನ್ನು ಹಾಗೇ ಉಳಿಸಿಕೊಡಬೇಕೇ ಎಂದು ಕೇಳಿ. ಹೌದೆಂದರೆ ಅದರ ತೂಕವನ್ನು ಚೀಟಿಯಲ್ಲಿ ಕಳೆದು ಬರೆಯಿರಿ.