ಮಿಲಾನ್ ಮ್ಯೂಸಿಯಮ್ಮಿನ ಸನ್‌ಮೈಕಾ ಕಪಾಟು

ಮಿಲಾನ್‌ಗೆ ಹೋಗಿ ಬಂದೆ ಅಂದರೆ ಎಲ್ಲರೂ ಕೇಳುವುದು ದುವೊಮೊ ಚರ್ಚು ಹೇಗಿತ್ತು, ಕೋಮೋ ಸರೋವರ ಹೇಗಿತ್ತು ಅಂತ. ಚೆನ್ನಾಗಿದ್ದವು. ಅವುಗಳ ಬಗ್ಗೆ ಬರೆದವರು ಬೇಕಾದಷ್ಟು ಜನ ಇದ್ದಾರೆ. ನನ್ನ ತಲೆಯಲ್ಲಿ ಈಗಲೂ ಕೂತಿರುವುದು ಒಂದು ಪುಸ್ತಕದ ಕಪಾಟು. ಸನ್‌ಮೈಕಾ ಅಂಟಿಸಿದ ಕಪಾಟು. ಅದರ ಮುಂದೆ ನಾನು ಎಷ್ಟು ಹೊತ್ತು ನಿಂತಿದ್ದೆ ಅಂದರೆ, ಮ್ಯೂಸಿಯಮ್ಮಿನ ಕಾವಲಿಗಿದ್ದ ಹೆಂಗಸು ಮತ್ತೆ ಮತ್ತೆ ಬಂದು ನೋಡಿಕೊಂಡು ಹೋದರು.

ಇದಕ್ಕೆ ಕಾರಣ ಇದೆ. ದಾವಣಗೆರೆಯಲ್ಲಿ ನಮ್ಮಪ್ಪನದು ಪ್ಲೈವುಡ್, ಸನ್‌ಮೈಕಾ ಅಂಗಡಿ. ಸ್ಕೂಲ್ ರಜೆ ಪೂರ್ತಿ ನಾನು ಅಲ್ಲೇ ಇರುತ್ತಿದ್ದೆ. ಎಂಟಡಿ ನಾಲ್ಕಡಿ ಶೀಟುಗಳನ್ನು ಗೋಡೆಗೆ ಒರಗಿಸಿ ಇಟ್ಟಿರುತ್ತಿದ್ದರು, ಗಿರಾಕಿ ಬಂದರೆ ಒಂದೊಂದನ್ನೇ ಮುಂದಕ್ಕೆ ವಾಲಿಸಿ ತೋರಿಸಬೇಕು. ಬರುವವರಿಗೆಲ್ಲ ಬೇಕಾಗಿದ್ದದ್ದು ತೇಗದ ಗೆರೆ ಇಲ್ಲಾ ಬೀಟೆ ಮರದ ಗೆರೆ. "ನೋಡಿದೋರಿಗೆ ಸನ್‌ಮೈಕಾ ಅಂತ ಗೊತ್ತಾಗಬಾರದು ನೋಡ್ರಿ" ಅನ್ನುವ ಮಾತು ದಿನಾ ಕೇಳಿಸುತ್ತಿತ್ತು. ಹಳದಿ, ಕೆಂಪು, ಗಿಳಿಹಸಿರು ಶೀಟುಗಳು ಹಿಂದೆ ಧೂಳು ಹಿಡಿದು ನಿಂತಿರುತ್ತಿದ್ದವು. ಯಾವುದಾದರೂ ಕ್ಲಿನಿಕ್ಕಿಗೋ, ದೋಸೆ ಹೋಟೆಲ್ಲಿನ ಟೇಬಲ್ಲಿಗೋ ಅಪರೂಪಕ್ಕೆ ಒಂದು ಹೋಗುತ್ತಿತ್ತು. ಅಪ್ಪ ಅವನ್ನು ಅರ್ಧ ಬೆಲೆಗೆ ಕೊಡುತ್ತಿದ್ದರು.

ನನ್ನ ಅಕ್ಕನ ಮಗಳು ಮಿಲಾನ್‌ನ ಪೊಲಿಟೆಕ್ನಿಕೊ ವಿಶ್ವವಿದ್ಯಾಲಯದಲ್ಲಿ ಡಿಸೈನ್ ಓದುತ್ತಿದ್ದಾಳೆ. ಸೆಂಪಿಯೊನೆ ಪಾರ್ಕಿನ ಪಕ್ಕ ಇರುವ ತ್ರಿಯೆನ್ನಾಲೆಗೆ ಅವಳೇ ಕರೆದುಕೊಂಡು ಹೋದಳು. 1933ರ ದೊಡ್ಡ ಕಟ್ಟಡ, ಒಳಗೆ ಇಟಲಿಯ ಡಿಸೈನ್ ಮ್ಯೂಸಿಯಂ ಇದೆ. ಸೋಮವಾರ ಮುಚ್ಚಿರುತ್ತದೆ, ನೆನಪಿಟ್ಟುಕೊಳ್ಳಿ. ದೀಪ, ರೇಡಿಯೋ, ಕುರ್ಚಿ ಅಂತ ಒಂದೊಂದೇ ನೋಡುತ್ತಾ ಬರುತ್ತಿದ್ದೆವು. "ಮಾಮ, ಇಲ್ಲಿ ಬನ್ನಿ. ತಾತನ ಅಂಗಡಿ ಮಾಲು ನೋಡಿ" ಅಂದಳು.

ಅದರ ಹೆಸರು ಕಾರ್ಲ್‌ಟನ್. ಎತೊರೆ ಸೊಟ್ಸಾಸ್ ಅನ್ನುವ ಇಟಲಿಯ ಡಿಸೈನರ್ 1981ರಲ್ಲಿ ಮಾಡಿದ ವಿನ್ಯಾಸ. 196 ಸೆಂಟಿಮೀಟರ್ ಎತ್ತರ, ಹೆಚ್ಚುಕಮ್ಮಿ ಅಷ್ಟೇ ಅಗಲ. ಕೆಂಪು, ಹಳದಿ, ಹಸಿರು, ನೀಲಿ, ಎಲ್ಲವೂ ಸಪಾಟಾದ ಬಣ್ಣ. ಕೆಳಗಿನ ಪೀಠಕ್ಕೆ ಕಪ್ಪು ಬಿಳುಪಿನ ಚುಕ್ಕಿಚುಕ್ಕಿ ಶೀಟು. ಅರ್ಧದಷ್ಟು ಹಲಗೆಗಳು ಓರೆಯಾಗಿ ನಿಂತಿವೆ, ನಡುವೆ ಮೇಲ್ಗಡೆ ಯಾರೋ ಎರಡು ಕೈ ಎತ್ತಿ ನಿಂತ ಹಾಗೆ ಕಾಣುತ್ತದೆ. ಪುಸ್ತಕ ಇಡಬಹುದು, ಕೋಣೆಯ ನಡುವೆ ಅಡ್ಡ ನಿಲ್ಲಿಸಿ ಒಂದನ್ನು ಎರಡು ಮಾಡಬಹುದು. ಮರದ ಮೇಲೆ ಪೂರ್ತಿ ಲ್ಯಾಮಿನೇಟ್, ಅಂದರೆ ನಮ್ಮ ಕಡೆ ಸನ್‌ಮೈಕಾ ಅನ್ನುವ ಶೀಟು. ಎಲ್ಲೂ ತೇಗದ ಗೆರೆ ಇಲ್ಲ. ಯಾರನ್ನೂ ನಂಬಿಸುವ ಪ್ರಯತ್ನ ಇಲ್ಲ. ಅಂಚಿನಲ್ಲಿ ಶೀಟಿನ ಕಪ್ಪು ಗೆರೆ ಕಾಣುತ್ತಿದೆ, ಅದನ್ನೂ ಹಾಗೇ ಬಿಟ್ಟಿದ್ದಾರೆ.

ಅಲ್ಲಿಂದಲೇ ಅಪ್ಪನಿಗೆ ಫೋಟೋ ಕಳಿಸಿ ಫೋನ್ ಮಾಡಿದೆ. ಅವರು ಸುಮಾರು ಹೊತ್ತು ನೋಡಿದರು ಅಂತ ಕಾಣುತ್ತದೆ. ಆಮೇಲೆ "ಅಂಚಿಗೆ ಪಟ್ಟಿ ಹೊಡೆದಿಲ್ಲವಲ್ಲೋ" ಅಂದರು. ಮತ್ತೆ ಸ್ವಲ್ಪ ತಡೆದು, "ಆದರೆ ಕಟಿಂಗ್ ಮಾಡಿದವನು ಭಾರಿ ಕೆಲಸಗಾರ" ಅಂದರು. ಇದನ್ನು ಮ್ಯೂಸಿಯಮ್ಮಿನಲ್ಲಿ ಇಟ್ಟಿದ್ದಾರೆ ಅಂದರೆ ಅವರಿಗೆ ನಂಬಿಕೆ ಬರಲಿಲ್ಲ. ಐವತ್ತು ವರ್ಷ ಈ ಶೀಟುಗಳನ್ನು ಮಾರಿದ ಮನುಷ್ಯ. ನನಗೆ ಗಂಟಲು ಕಟ್ಟಿತು.

ಸೊಟ್ಸಾಸ್ ಕಥೆ ಸ್ವಲ್ಪ ಹೇಳಲೇಬೇಕು. ಹುಟ್ಟಿದ್ದು 1917ರಲ್ಲಿ. ಒಲಿವೆಟ್ಟಿ ಕಂಪನಿಗೆ ಕಂಪ್ಯೂಟರಿನ ಹೊರರೂಪ ಮಾಡಿಕೊಟ್ಟವರು, 1969ರಲ್ಲಿ ಪೆರಿ ಕಿಂಗ್ ಜೊತೆ ಸೇರಿ ಕೆಂಪು ವ್ಯಾಲೆಂಟೈನ್ ಟೈಪ್‌ರೈಟರ್ ಮಾಡಿದವರು. 1961ರಲ್ಲಿ ಹೆಂಡತಿ ಫೆರ್ನಾಂದಾ ಪಿವಾನೊ ಜೊತೆ ಭಾರತಕ್ಕೆ ಬಂದಿದ್ದರು. ವಾಪಸ್ ಹೋದ ಮೇಲೆ ಸಾಯುವಷ್ಟು ಕಾಯಿಲೆ ಬಿದ್ದು ಬದುಕಿ ಉಳಿದರು. ಆಮೇಲೆ 1964ರಲ್ಲಿ ಮಣ್ಣಿನ ತಟ್ಟೆಗಳ ಒಂದು ಸರಣಿ ಮಾಡಿ ಅದಕ್ಕೆ 'ಶಿವನಿಗೆ ಅರ್ಪಣೆ' ಅಂತ ಹೆಸರಿಟ್ಟರು. ಅವರ ಒಂದು ದೀಪದ ಹೆಸರು ಅಶೋಕ, ಒಂದು ಕಪಾಟಿನ ಹೆಸರು ಮಲಬಾರ್. ಇದೆಲ್ಲ ಗೊತ್ತಾದ ಮೇಲೆ ಕಾರ್ಲ್‌ಟನ್ ಮುಂದೆ ಮತ್ತೊಮ್ಮೆ ಹೋಗಿ ನಿಂತೆ. ಕೈ ಎತ್ತಿದ ಆ ಆಕಾರ ನನಗೆ ನಟರಾಜನಾಗಿಯೇ ಕಾಣಿಸಿತು. ಅವರ ಮನಸ್ಸಿನಲ್ಲಿ ಅದು ಇತ್ತು ಅಂತ ನಾನು ಹೇಳುತ್ತಿಲ್ಲ, ನನಗೆ ಕಂಡದ್ದು ಹೇಳಿದೆ.

1980ರ ಡಿಸೆಂಬರ್‌ನಲ್ಲಿ ಅವರು ಮಿಲಾನ್‌ನ ತಮ್ಮ ಮನೆಗೆ ಚಿಕ್ಕ ವಯಸ್ಸಿನ ಡಿಸೈನರುಗಳನ್ನು ಕರೆದರು. ಬಾಬ್ ಡಿಲನ್ ರೆಕಾರ್ಡು ಓಡುತ್ತಿತ್ತು, ಹಾಡಿನಲ್ಲಿ ಮೆಂಫಿಸ್ ಅಂತ ಬರುತ್ತಿತ್ತು, ಗುಂಪಿಗೂ ಅದೇ ಹೆಸರಾಯಿತು. 1981ರ ಸೆಪ್ಟೆಂಬರ್ 18ಕ್ಕೆ ಮೊದಲ ಪ್ರದರ್ಶನ, 55 ವಸ್ತುಗಳು. ಸೊಟ್ಸಾಸ್‌ಗೆ ಆಗ ತಾನೇ 64 ತುಂಬಿತ್ತು. ಜೊತೆಗಿದ್ದ ನಥಾಲಿ ದು ಪಾಸ್ಕಿಯೆಗೆ 24. ಮಿಕೆಲೆ ದೆ ಲುಕ್ಕಿಗೆ ಇನ್ನೂ ಮೂವತ್ತಾಗಿರಲಿಲ್ಲ. ಆ ರಾತ್ರಿ ಬೀದಿ ತುಂಬಾ ಜನ ಸೇರಿದ್ದರಂತೆ.

ಅಲ್ಲಿಯವರೆಗೆ ಒಳ್ಳೆಯ ರುಚಿ ಅಂದರೆ ಕರಿ ಚರ್ಮ, ಹೊಳೆಯುವ ಉಕ್ಕಿನ ಪೈಪು, ಬಿಳಿ ಗೋಡೆ. ಉಪಯೋಗಕ್ಕೆ ತಕ್ಕ ಆಕಾರ, ಅದಕ್ಕಿಂತ ಒಂದು ಗೆರೆ ಜಾಸ್ತಿ ಇರಬಾರದು. ಅದು ಮಾಡರ್ನ್. ಇವರು ಅದರ ಕಟ್ಟುಪಾಡು ಬೇಡ ಅಂದರು, ಅದಕ್ಕೇ ಪೋಸ್ಟ್‌ಮಾಡರ್ನ್. ಬಣ್ಣ ಇರಲಿ, ಅಲಂಕಾರ ಇರಲಿ, ಕಾಫಿ ಬಾರಿನ ಕೌಂಟರಿಗೆ ಹಾಕುವ ಅಗ್ಗದ ಲ್ಯಾಮಿನೇಟು ಬೈಠಕ್‌ಖಾನೆಗೂ ಬರಲಿ ಅಂದರು. ಸೊಟ್ಸಾಸ್ ಅವರ ಬೆವರ್ಲಿ ಕಪಾಟಿನಲ್ಲಿ ದುಬಾರಿ ಮರದ ತೆಳು ಹಾಳೆಯಾದ ವೆನೀರ್ ಪಕ್ಕದಲ್ಲೇ ಪ್ಲಾಸ್ಟಿಕ್ ಲ್ಯಾಮಿನೇಟ್ ಇದೆ. ಎರಡಕ್ಕೂ ಒಂದೇ ಮರ್ಯಾದೆ. ನನಗೆ ಇಡೀ ಮೆಂಫಿಸ್‌ನಲ್ಲಿ ಜಾಸ್ತಿ ಇಷ್ಟವಾದ ವಿಷಯ ಇದು.

ಎಲ್ಲವೂ ಇಷ್ಟವಾಯಿತು ಅಂತಲ್ಲ. ಇಟಲಿಯ ಇನ್ನೊಬ್ಬ ಡಿಸೈನರ್ ಅಲೆಸ್ಸಾಂದ್ರೊ ಮೆಂದಿನಿ 1978ರಲ್ಲಿ ಮಾಡಿದ ಪ್ರೂಸ್ಟ್ ಕುರ್ಚಿ ಬಗ್ಗೆ ಅಕ್ಕನ ಮಗಳು ಗಂಟೆಗಟ್ಟಲೆ ಮಾತಾಡಬಲ್ಲಳು. ಅರಮನೆ ಕುರ್ಚಿಯ ನಕಲು, ಮೈತುಂಬಾ ಬಣ್ಣದ ಚುಕ್ಕೆ. ನನಗೆ ಅದು ಕೂರುವ ವಸ್ತು ಅಂತಲೇ ಅನ್ನಿಸಲಿಲ್ಲ. ತ್ರಿಯೆನ್ನಾಲೆಯಲ್ಲೇ ಇರುವ ಕಾಸಾ ಲಾನಾ ಮಾತ್ರ ಬಿಡಬೇಡಿ. 1960ರ ದಶಕದಲ್ಲಿ ಸೊಟ್ಸಾಸ್ ಒಬ್ಬರ ಮನೆಗೆ ಮಾಡಿಕೊಟ್ಟ ಒಳಾಂಗಣವನ್ನು ಬಿಚ್ಚಿ ತಂದು ಇಲ್ಲಿ ಮತ್ತೆ ಜೋಡಿಸಿದ್ದಾರೆ. ಕೋಣೆಯೊಳಗೆ ಮರದ ಇನ್ನೊಂದು ಕೋಣೆ, ಅದರ ಸುತ್ತ ಓಡಾಡಲು ಜಾಗ. ಅಲ್ಲಿ ನಾನು ಇವತ್ತೇ ಹೋಗಿ ವಾಸ ಮಾಡುತ್ತೇನೆ.

ತಿಂಗಳ ಕೊನೆಯ ಭಾನುವಾರ ನಾವಿಲ್ಯೊ ಗ್ರಾಂದೆ ಕಾಲುವೆ ದಡದಲ್ಲಿ ಹಳೆ ಸಾಮಾನಿನ ಸಂತೆ ನಡೆಯುತ್ತದೆ. ಜುಲೈಯಲ್ಲಿ ಇರುವುದಿಲ್ಲ. ಬೆಳಿಗ್ಗೆ ಬೇಗ ಹೋಗಿ, ಹನ್ನೊಂದಾದರೆ ಕಾಲಿಡಲು ಜಾಗ ಇರುವುದಿಲ್ಲ. ಅಲ್ಲಿ ದೀಪ, ಸಣ್ಣ ಮೇಜು ಇಟ್ಟುಕೊಂಡು ಒಬ್ಬರು ಮುದುಕರು ಕೂತಿದ್ದರು. ನಾನು ಒಂದು ಮೇಜನ್ನು ಎತ್ತಿ, ತಿರುಗಿಸಿ, ಅಂಚನ್ನು ಉಗುರಿನಿಂದ ಸವರಿ ನೋಡುತ್ತಿದ್ದೆ. ಅವರು ಇಟಾಲಿಯನ್‌ನಲ್ಲಿ ಏನೋ ಅಂದರು. "ನೀವು ಈ ಕೆಲಸದವರಾ ಅಂತ ಕೇಳ್ತಿದ್ದಾರೆ ಮಾಮ" ಅಂದಳು ಅಕ್ಕನ ಮಗಳು.

ಆಮೇಲೆ ಮಧ್ಯಾಹ್ನದವರೆಗೆ ಅಲ್ಲೇ ಇದ್ದೆವು. ಅವರು ಬ್ರಿಯಾಂಜಾದ ಬಡಗಿ. ಮಿಲಾನ್‌ನ ಉತ್ತರಕ್ಕೆ ಲಿಸ್ಸೊನೆ, ಕಂತು, ಮೇದಾ ಅಂತ ಊರುಗಳಿವೆ, ತಲೆಮಾರುಗಳಿಂದ ಪೀಠೋಪಕರಣವೇ ಅಲ್ಲಿಯ ಕಸುಬು. ಸೊಟ್ಸಾಸ್ ವಿನ್ಯಾಸಗಳನ್ನು ಮರದಲ್ಲಿ ಮಾಡಿಕೊಡುತ್ತಿದ್ದ ರೆಂಜೊ ಬ್ರುಗೋಲಾ ಕೂಡ ಆ ಕಡೆಯವರೇ, ಮೆಂಫಿಸ್‌ನಲ್ಲಿ ಪಾಲುದಾರರೂ ಆಗಿದ್ದರು. ನಮ್ಮ ಮುದುಕರು ತಾವು ಮೆಂಫಿಸ್‌ಗೆ ಕೆಲಸ ಮಾಡಿಲ್ಲ ಅಂತ ಮೊದಲೇ ಹೇಳಿಬಿಟ್ಟರು. ಆದರೆ ಅದು ಹೆಸರು ಮಾಡಿದ ಮೇಲೆ ಎಲ್ಲರಿಗೂ ಅಂಥದ್ದೇ ಬೇಕಾಯಿತಂತೆ, ಓರೆ ಹಲಗೆಯ ನಕ್ಷೆಗಳು ಇವರ ವರ್ಕ್‌ಶಾಪಿಗೂ ಬಂದವಂತೆ.

"ನನಗೆ ಕೆಲಸ ಕಲಿಸಿದ ಮೇಸ್ತ್ರಿ ಲ್ಯಾಮಿನೇಟು ಮುಟ್ಟುತ್ತಿರಲಿಲ್ಲ" ಅಂದರು. "ಪ್ಲಾಸ್ಟಿಕ್ಕಿಗೆ ನನ್ನ ಉಳಿ ತಾಗಿಸಲ್ಲ ಅನ್ನೋರು. ಆದರೆ ವಾಲ್‌ನಟ್ ಮರದಲ್ಲಿ ಸಣ್ಣ ತಪ್ಪಾದರೆ ಮರಳುಕಾಗದ ತಿಕ್ಕಿ ಸರಿ ಮಾಡಬಹುದು. ಇದರಲ್ಲಿ ಆಗಲ್ಲ. ಓರೆಯಾಗಿ ಎರಡು ಹಲಗೆ ಸೇರುವ ಕಡೆ ಕೂದಲೆಳೆ ತಪ್ಪಿದರೂ ಕಪ್ಪು ಗೆರೆ ಹೇಳಿಬಿಡುತ್ತದೆ. ಶೀಟು ಪೂರ್ತಿ ಬಿಸಾಕಬೇಕು."

ಆ ಕಪ್ಪು ಗೆರೆ ಎಲ್ಲಿಂದ ಬರುತ್ತದೆ ಅಂತ ನನಗೂ ಗೊತ್ತು. ಕಂದು ಕಾಗದದ ಪದರಗಳನ್ನು ರಾಳದಲ್ಲಿ ನೆನೆಸಿ, ಮೇಲೆ ಬಣ್ಣದ ಕಾಗದ ಇಟ್ಟು, ಬಿಸಿಯಲ್ಲಿ ಒತ್ತಿದರೆ ಲ್ಯಾಮಿನೇಟು. ಕತ್ತರಿಸಿದ ಕಡೆ ಒಳಗಿನ ಕಾಗದ ಕಾಣುತ್ತದೆ. ನಮ್ಮ ಕಡೆ ಅದರ ಮೇಲೆ ಮರದ ಪಟ್ಟಿ ಹೊಡೆದು ಮುಚ್ಚುತ್ತೇವೆ ಅಂದೆ. ಅವರು ತಲೆಯಾಡಿಸಿ "ಯಾಕೆ ಮುಚ್ಚಬೇಕು?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಗಿರಾಕಿಗೆ ನಾಚಿಕೆ ಅಂತ ಹೇಳಬೇಕಿತ್ತು.

ಈಗಿನ ಹುಡುಗರು ಯಾಕೆ ಈ ಮೆಂಫಿಸ್ ಥರದ ಸಾಮಾನನ್ನು ಹುಡುಕಿಕೊಂಡು ಬರುತ್ತಾರೆ ಅಂತ ಮುದುಕರನ್ನು ಕೇಳಿದೆ. "ಅಜ್ಜಿ ಮನೆಯಲ್ಲಿ ಕಂದು ಮರ, ಅಮ್ಮನ ಮನೆಯಲ್ಲಿ ಬಿಳಿ ಅಂಗಡಿ ಮಾಲು. ಅವರಿಗೆ ಎರಡೂ ಸಾಕಾಗಿದೆ" ಅಂದರು. ಅಕ್ಕನ ಮಗಳು ಒಪ್ಪಲಿಲ್ಲ. ಫೋನಿನಲ್ಲಿ ಫೋಟೋ ಚೆನ್ನಾಗಿ ಬರುತ್ತದೆ, ಗಟ್ಟಿ ಬಣ್ಣ, ಗಟ್ಟಿ ಆಕಾರ, ಅಷ್ಟೇ ಅಂತ ಅವಳ ವಾದ. ನನಗನ್ನಿಸಿದ್ದು ಬೇರೆ. ಈಗ ಮಾರುವ ಎಲ್ಲವೂ ಇನ್ನೇನೋ ಆಗಿ ನಟಿಸುತ್ತದೆ, ಟೈಲು ಮರದ ಹಾಗೆ, ಪ್ಲಾಸ್ಟಿಕ್ಕು ಕಲ್ಲಿನ ಹಾಗೆ. ಇದು ನಟಿಸಲ್ಲ.

ಒಂದು ಕಾಲದಲ್ಲಿ ಇದು ಯಾರಿಗೂ ಬೇಡವಾಗಿತ್ತು. ಸೊಟ್ಸಾಸ್ 1985ರಲ್ಲಿ ಗುಂಪು ಬಿಟ್ಟರು. ಮಾಂಟೆ ಕಾರ್ಲೊದ ಮನೆಗೆ ಪೂರ್ತಿ ಮೆಂಫಿಸ್ ಹಾಕಿಸಿದ್ದ ಫ್ಯಾಷನ್ ಡಿಸೈನರ್ ಕಾರ್ಲ್ ಲಾಗರ್‌ಫೆಲ್ಡ್ 1991ರಲ್ಲಿ ಎಲ್ಲವನ್ನೂ ಹರಾಜಿಗಿಟ್ಟರು. 2016ರಲ್ಲಿ ಲಂಡನ್‌ನಲ್ಲಿ ಗಾಯಕ ಡೇವಿಡ್ ಬೋವಿ ಸಂಗ್ರಹ ಹರಾಜಾದಾಗ ಸೊಟ್ಸಾಸ್ ಮತ್ತು ಮೆಂಫಿಸ್‌ಗೇ ಅಂತ ಪ್ರತ್ಯೇಕ ಭಾಗ ಇತ್ತು. ಬೋವಿಯ ಕೆಂಪು ವ್ಯಾಲೆಂಟೈನ್ ಟೈಪ್‌ರೈಟರ್ 300ರಿಂದ 500 ಪೌಂಡಿಗೆ ಹೋಗಬಹುದು ಅಂದುಕೊಂಡಿದ್ದರು, ಹೋದದ್ದು 45,000ಕ್ಕೆ.

ಕೊಳ್ಳುವವರಿಗೆ ಮುದುಕರು ಹೇಳಿದ್ದು: ಕಾರ್ಲ್‌ಟನ್ ಈಗಲೂ ತಯಾರಾಗುತ್ತದೆ, ಹಾಗಾಗಿ ಹೆಸರಿನ ಲೋಹದ ಪಟ್ಟಿ ಇದ್ದ ಮಾತ್ರಕ್ಕೆ ಹಳೆಯದು ಅಂತಲ್ಲ. ಮೊದಲು ಅಂಚು ನೋಡಿ, ಆಮೇಲೆ ತಳ ನೋಡಿ. ತಳ ಸುಳ್ಳು ಹೇಳುವುದಿಲ್ಲ, ನೆಲಕ್ಕೆ ಉಜ್ಜಿದ ಗುರುತು, ಸ್ಕ್ರೂ ತುಕ್ಕು ಎಲ್ಲ ಅಲ್ಲೇ ಇರುತ್ತವೆ.

ನಾನು ಎತ್ತಿ ನೋಡುತ್ತಿದ್ದ ಆ ಮೇಜನ್ನೇ ಕೊಂಡೆ. ಮೂರು ಕಾಲು, ಹಳದಿ ಅಂಚು, ಮೇಲೆ ಕಪ್ಪು ಹುಳುಗಳು ಹರಿದಾಡಿದ ಹಾಗಿರುವ ಶೀಟು. ಅದು ಸೊಟ್ಸಾಸ್ 1978ರಲ್ಲಿ ಅಬೆಟ್ ಲಾಮಿನಾಟಿ ಅನ್ನುವ ಲ್ಯಾಮಿನೇಟ್ ಕಂಪನಿಗೆ ಮಾಡಿಕೊಟ್ಟ ಬಾಕ್ಟೇರಿಯೊ ವಿನ್ಯಾಸ. ಮೇಜು ಮಾಡಿದವರು ಯಾರು ಅಂತ ಎಲ್ಲೂ ಬರೆದಿಲ್ಲ. 140 ಯೂರೋ.

ಇಲ್ಲಿಂದ ಮುಂದೆ ಈಗಲೂ ಹೊಟ್ಟೆ ಉರಿಯುತ್ತದೆ. ನಾವಿದ್ದ ಬೀದಿಯ ಕೊರಿಯರ್ ಅಂಗಡಿಯವರು ಒಡೆಯುವ ಸಾಮಾನಿನ ಪ್ಯಾಕಿಂಗ್ ಅಂತ ಮೇಜಿಗಿಂತ ಜಾಸ್ತಿ ದುಡ್ಡು ತಗೊಂಡರು. ಮರದ ಪೆಟ್ಟಿಗೆ ಮಾಡುತ್ತೇವೆ ಅಂದಿದ್ದರು. ದಾವಣಗೆರೆಯಲ್ಲಿ ಬಿಚ್ಚಿದರೆ ರಟ್ಟಿನ ಡಬ್ಬ, ಒಂದು ಸುತ್ತು ಬಬಲ್ ಶೀಟು, ಒಂದು ಮೂಲೆ ಕಿತ್ತು ಹೋಗಿದೆ. ವಿಮೆ ಕೇಳಿದರೆ "ಹಳೆ ಪೀಠೋಪಕರಣ" ಅಂತ ಬರೆದಿದೆ, ಅದಕ್ಕೆ ಪರಿಹಾರ ಇಲ್ಲ ಅಂದರು. ಹಾಗೆ ಬರೆದವರು ಅವರೇ. ಹಾಗಾಗಿ ನೀವು ತರಿಸುವುದಾದರೆ ಮಾರಿದವರ ಕೈಯಲ್ಲಿ ಬೆಲೆ ಹಾಕಿದ ಚೀಟಿ ಬರೆಸಿಕೊಳ್ಳಿ, ಅದೇ ಬೆಲೆ ಕೊರಿಯರ್ ಕಾಗದದಲ್ಲೂ ಬರಬೇಕು. ನಾಲ್ಕು ಮೂಲೆಯ ಫೋಟೋ ತೆಗೆಯಿರಿ. ಕಾಲು ಬಿಚ್ಚಬಹುದಾದರೆ ಬಿಚ್ಚಿ. ಪ್ಯಾಕ್ ಆಗುವವರೆಗೆ ಅಲ್ಲೇ ನಿಂತಿರಿ. ದೀಪ ಕೊಂಡರೆ ಕೈಚೀಲದಲ್ಲೇ ತನ್ನಿ. ವೋಲ್ಟೇಜ್ ನಮ್ಮದೇ, ಆದರೆ ಅಲ್ಲಿಯ ಪ್ಲಗ್ಗಿನ ಮೂರು ಪಿನ್ನು ಒಂದೇ ಸಾಲಿನಲ್ಲಿರುತ್ತವೆ, ನಮ್ಮ ಸಾಕೆಟ್ಟಿಗೆ ಹೋಗುವುದಿಲ್ಲ. ನಲವತ್ತು ವರ್ಷದ ವೈರು ಪುಡಿಪುಡಿಯಾಗಿರುತ್ತದೆ, ಎಲೆಕ್ಟ್ರಿಷಿಯನ್ ಹತ್ತಿರ ಹೊಸದು ಹಾಕಿಸಿ.

ಬಾಕ್ಟೇರಿಯೊ ಶೀಟು ಈಗಲೂ ತಯಾರಾಗುತ್ತದೆ. ಒಂದು ತುಂಡು ಸಿಕ್ಕರೆ ತರುತ್ತೇನೆ ಅಂತ ಅಕ್ಕನ ಮಗಳು ಹೇಳಿದ್ದಾಳೆ. ಮೂಲೆ ಕೂರಿಸಿಕೊಡುವುದು ಅಪ್ಪನ ಜವಾಬ್ದಾರಿ. ಪಟ್ಟಿ ಹೊಡೆಯಬೇಡಿ ಅಂತ ಹೇಳಿದ್ದೇನೆ, ಇನ್ನೂ ಒಪ್ಪಿಲ್ಲ.