ದೆಹಲಿಯೋ ಮುಂಬೈಯೋ: ಜುಟ್ಟು ಯಾರ ಕೈಯಲ್ಲಿದೆ?

ರಾಜಧಾನಿಗೆ ಬಲ ಹೆಚ್ಚೋ, ದುಡ್ಡಿನ ಪೇಟೆಗೆ ಬಲ ಹೆಚ್ಚೋ? ದೆಹಲಿಯೋ ಮುಂಬೈಯೋ, ವಾಷಿಂಗ್ಟನ್ನೋ ನ್ಯೂಯಾರ್ಕೋ? ಸರ್ಕಾರದ ಸಾಲ, ಬ್ಯಾಂಕು, ಬಾಂಡುಗಳ ಬಗ್ಗೆ ಬರೆಯುವವರಿಗೆ ಈ ಪ್ರಶ್ನೆ ತಪ್ಪಿದ್ದಲ್ಲ. ಕೇಳುವವರ ಕೈಯಲ್ಲಿ ಸಾಮಾನ್ಯವಾಗಿ ಒಂದು ಪಟ್ಟಿಯೂ ಇರುತ್ತದೆ: ಯಾವ ನಗರದ ಜಿಡಿಪಿ ಎಷ್ಟು, ಎಷ್ಟು ಕಂಪನಿಗಳ ಮುಖ್ಯ ಕಚೇರಿ ಅಲ್ಲಿವೆ, ಎಷ್ಟು ಮಂದಿ ಶತಕೋಟ್ಯಧಿಪತಿಗಳಿದ್ದಾರೆ. ಆ ಪಟ್ಟಿಯಿಂದ ತಿಳಿಯುವುದು ಊರಿನ ಗಳಿಕೆ ಮಾತ್ರ. ಒಬ್ಬರು ‘ಆಗಲ್ಲ’ ಅಂದರೆ ಇನ್ನೊಬ್ಬರ ಕೆಲಸ ನಿಲ್ಲುತ್ತದೋ ಇಲ್ಲವೋ ಎಂದು ನೋಡಿದರೆ ಬಲ ಎಲ್ಲಿದೆ ಅನ್ನುವುದು ಗೊತ್ತಾಗುತ್ತದೆ.

ಆ ಲೆಕ್ಕದಲ್ಲಿ ನನ್ನ ಉತ್ತರ ಇದು: ಭಾರತದಲ್ಲಿ ದೆಹಲಿಯದೇ ಮೇಲುಗೈ, ಅದೂ ಜನ ಅಂದುಕೊಂಡಿರುವುದಕ್ಕಿಂತ ಬಹಳ ಹೆಚ್ಚು. ಮುಂಬೈ ಕೈಯಲ್ಲಿ ಉಳಿದಿರುವುದು ಸಾಲಕ್ಕೆ ಬೆಲೆ ಕಟ್ಟುವ, ಅಂದರೆ ಬಡ್ಡಿ ಗೊತ್ತು ಮಾಡುವ ಅಧಿಕಾರ. ಇನ್ನು ಸಾಲ ನಮ್ಮ ನಾಣ್ಯದಲ್ಲಿಲ್ಲದೆ ಡಾಲರಿನಲ್ಲಿದ್ದರೆ ಜುಟ್ಟು ಇವೆರಡೂ ಊರುಗಳನ್ನು ಬಿಟ್ಟು ಹೊರಗೆ ಹೋಗುತ್ತದೆ.

ಕರ್ನಾಟಕ ಸರ್ಕಾರದ ಒಂದು ಸಾಲವನ್ನೇ ಬಿಡಿಸಿ ನೋಡೋಣ. ಗ್ಯಾರಂಟಿ ಯೋಜನೆಗಿರಲಿ, ನೀರಾವರಿಗಿರಲಿ, ವಿಧಾನಸೌಧ ಪೇಟೆಯಿಂದ ಹಣ ಎತ್ತಬೇಕು ಅಂದುಕೊಳ್ಳಿ. ಮೊದಲ ಬಾಗಿಲು ದೆಹಲಿಯಲ್ಲಿದೆ. ರಾಜ್ಯ ಕೇಂದ್ರದಿಂದ ಪಡೆದ ಸಾಲ ಒಂದಿಷ್ಟು ಬಾಕಿ ಇದ್ದರೂ ಕೇಂದ್ರದ ಒಪ್ಪಿಗೆಯಿಲ್ಲದೆ ಹೊಸ ಸಾಲ ಎತ್ತುವಂತಿಲ್ಲ ಎನ್ನುತ್ತದೆ ಸಂವಿಧಾನದ 293(3)ನೇ ವಿಧಿ. ಬಾಕಿಯಿಲ್ಲದ ರಾಜ್ಯ ಸಿಗುವುದು ಕಷ್ಟ, ಹಾಗಾಗಿ ಪ್ರತಿ ವರ್ಷ ಹಣಕಾಸು ಸಚಿವಾಲಯದ ವೆಚ್ಚ ಇಲಾಖೆ ಪ್ರತಿ ರಾಜ್ಯಕ್ಕೂ ಒಂದು ಮಿತಿ ಗೊತ್ತು ಮಾಡುತ್ತದೆ. ಅದರ ಮೂಲ ಅಳತೆ ರಾಜ್ಯದ ಒಟ್ಟು ಉತ್ಪನ್ನದ 3%. ರಾಜ್ಯದ ನಿಗಮಗಳು ಬಜೆಟ್ಟಿನ ಹೊರಗೆ ಎತ್ತಿದ ಸಾಲವನ್ನೂ ಇದೇ ಮಿತಿಯೊಳಗೆ ಎಣಿಸುವುದಾಗಿ 2022ರಲ್ಲಿ ಕೇಂದ್ರ ಹೇಳಿತು. ಕೇರಳ ಈ ಮಿತಿಯ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋಯಿತು, 2024ರ ಏಪ್ರಿಲ್ 1ರಂದು ಆ ಪ್ರಶ್ನೆ ಸಂವಿಧಾನ ಪೀಠಕ್ಕೆ ಹೋಯಿತು.

ಒಪ್ಪಿಗೆ ಸಿಕ್ಕ ಮೇಲೆ ಎರಡನೇ ಬಾಗಿಲು, ಮುಂಬೈ. ಯಾವ ರಾಜ್ಯ ಯಾವ ವಾರ ಎಷ್ಟು ಸಾಲ ಎತ್ತಬಹುದು ಎಂಬ ಅಂದಾಜು ಪಟ್ಟಿಯನ್ನು ಆರ್‌ಬಿಐ ಮೂರು ತಿಂಗಳಿಗೊಮ್ಮೆ ಪ್ರಕಟಿಸುತ್ತದೆ. ಹರಾಜು ನಡೆಯುವುದು ಸಾಮಾನ್ಯವಾಗಿ ಮಂಗಳವಾರ, ಇ-ಕುಬೇರ್ ಎಂಬ ವ್ಯವಸ್ಥೆಯಲ್ಲಿ. ಬೆಳಗ್ಗೆ 10:30ರಿಂದ 11:30ರ ತನಕ ಬ್ಯಾಂಕುಗಳು, ವಿಮಾ ಕಂಪನಿಗಳು, ಭವಿಷ್ಯನಿಧಿಗಳು ‘ಇಷ್ಟು ಕೋಟಿ ಕೊಡುತ್ತೇವೆ, ಇಷ್ಟು ಬಡ್ಡಿ ಬೇಕು’ ಎಂದು ಬಿಡ್ ಹಾಕುತ್ತವೆ. ಕಡಿಮೆ ಬಡ್ಡಿ ಕೇಳಿದವರಿಂದ ಶುರುಮಾಡಿ, ಬೇಕಾದ ಮೊತ್ತ ತುಂಬುವ ತನಕ ಬಿಡ್‌ಗಳನ್ನು ಒಪ್ಪಿಕೊಳ್ಳುತ್ತಾ ಹೋಗುತ್ತಾರೆ. ಎಲ್ಲಿ ನಿಲ್ಲುತ್ತದೋ ಅದೇ ಕಟ್-ಆಫ್. 10% ಭಾಗವನ್ನು ಸಣ್ಣ ಹೂಡಿಕೆದಾರರಿಗೆ ಮೀಸಲಿಡುತ್ತಾರೆ. ಫಲಿತಾಂಶ ಅದೇ ದಿನ, ಹಣ ಬುಧವಾರ.

4,000 ಕೋಟಿ ರೂಪಾಯಿ, 10 ವರ್ಷದ ಸಾಲ ಅಂದುಕೊಳ್ಳಿ. ಆ ಒಂದು ಗಂಟೆಯಲ್ಲಿ ಬಡ್ಡಿ 10 ಬೇಸಿಸ್ ಪಾಯಿಂಟ್, ಅಂದರೆ 0.10% ಮೇಲೆ ಹೋದರೂ ರಾಜ್ಯಕ್ಕೆ ವರ್ಷಕ್ಕೆ 4 ಕೋಟಿ, ಹತ್ತು ವರ್ಷಕ್ಕೆ 40 ಕೋಟಿ ಹೆಚ್ಚು ಹೊರೆ. ಮುಂಬೈಯ ಬಲ ಅಂದರೆ ಇಷ್ಟೇ. ನೋಡಲು ಸಣ್ಣದು, ಆದರೆ ವಾರ ವಾರವೂ ಬೀಳುವ ಪೆಟ್ಟು.

ಈ ಬಲಕ್ಕೂ ಒಂದು ಕೊರತೆಯಿದೆ. ಸಾಲವನ್ನು ಹದ್ದುಬಸ್ತಿನಲ್ಲಿಟ್ಟ ರಾಜ್ಯಕ್ಕೂ ಸಾಲದಲ್ಲಿ ಮುಳುಗಿರುವ ರಾಜ್ಯಕ್ಕೂ ಪೇಟೆ ಕೇಳುವ ಬಡ್ಡಿ ಹೆಚ್ಚುಕಡಿಮೆ ಒಂದೇ. ವ್ಯತ್ಯಾಸ ಬಹುತೇಕ ಕೆಲವೇ ಬೇಸಿಸ್ ಪಾಯಿಂಟು. ರಾಜ್ಯಗಳ ಖಾತೆ ಇರುವುದು ಆರ್‌ಬಿಐನಲ್ಲಿ, ಕಂತಿನ ದಿನ ಅಲ್ಲಿಂದಲೇ ಹಣ ಕಡಿತವಾಗುತ್ತದೆ. ಕೈಮೀರಿದರೆ ದೆಹಲಿ ಕೈಬಿಡುವುದಿಲ್ಲ ಎಂಬ ನಂಬಿಕೆ ಬಿಡ್ ಹಾಕುವ ಪ್ರತಿಯೊಬ್ಬರಿಗೂ ಇದೆ. ಲೆಕ್ಕ ನೆಟ್ಟಗಿಟ್ಟುಕೊಂಡ ರಾಜ್ಯಕ್ಕೆ ಇದರಿಂದ ಆಗುತ್ತಿರುವುದು ಅನ್ಯಾಯ ಎಂದೇ ನನ್ನ ಅಭಿಪ್ರಾಯ. ಪಾಲಿಸಿದ ಶಿಸ್ತಿಗೆ ಸಿಗಬೇಕಾದ ಅಗ್ಗದ ಬಡ್ಡಿ ಅದಕ್ಕೆ ಸಿಗುವುದಿಲ್ಲ.

ಇನ್ನು ಬಿಡ್ ಹಾಕುವವರು ಯಾರು? ಅತಿ ದೊಡ್ಡ ಬ್ಯಾಂಕು ಎಸ್‌ಬಿಐ. ಅತಿ ದೊಡ್ಡ ವಿಮಾ ಸಂಸ್ಥೆ ಎಲ್‌ಐಸಿ, 1956ರಲ್ಲಿ 245 ಖಾಸಗಿ ಸಂಸ್ಥೆಗಳನ್ನು ಒಟ್ಟುಗೂಡಿಸಿ ಸಂಸತ್ತು ಹುಟ್ಟುಹಾಕಿದ್ದು. ಎರಡರ ಮುಖ್ಯ ಕಚೇರಿಯೂ ಮುಂಬೈಯಲ್ಲಿ, ಎರಡರಲ್ಲೂ ಅರ್ಧಕ್ಕಿಂತ ಹೆಚ್ಚು ಪಾಲು ದೆಹಲಿಯದು. ಖಾಸಗಿ ಬ್ಯಾಂಕುಗಳೂ ತಪ್ಪಿಸಿಕೊಳ್ಳುವಂತಿಲ್ಲ. ಎಸ್‌ಎಲ್‌ಆರ್ ನಿಯಮದಂತೆ ಪ್ರತಿ ಬ್ಯಾಂಕೂ ತನ್ನ ಠೇವಣಿ ಮತ್ತಿತರ ಹೊಣೆಗಾರಿಕೆಯ 18% ಭಾಗವನ್ನು ಸರ್ಕಾರಿ ಬಾಂಡು, ಚಿನ್ನ ಅಥವಾ ನಗದಿನಲ್ಲಿ ಇಡಲೇಬೇಕು, ಹೆಚ್ಚಿನವು ಇಡುವುದು ಬಾಂಡಿನಲ್ಲಿ. ಅಂದರೆ ಸಾಲಕ್ಕೆ ಒಪ್ಪಿಗೆ ಕೊಡುವ ದೆಹಲಿಯೇ, ಸಾಲ ಕೊಡುವವರ ಬಹುಪಾಲಿಗೆ ಒಡೆಯ. ಮಿಕ್ಕವರಿಗೆ ‘ಕೊಡಲೇಬೇಕು’ ಎಂಬ ಕಾನೂನು. ಮುಂಬೈಯ ಎತ್ತರದ ಕಟ್ಟಡಗಳನ್ನು ನೋಡಿ ಅದೇ ದೊಡ್ಡ ಶಕ್ತಿ ಎನ್ನುವವರು ಆ ಕಟ್ಟಡಗಳ ಮಾಲೀಕರು ಯಾರು ಎಂದು ಕೇಳುವುದೇ ಇಲ್ಲ.

ದೆಹಲಿಯ ಕೈ ಎಷ್ಟು ಉದ್ದ ಎಂದು ಕರಾವಳಿಯವರಿಗಂತೂ ಹೇಳಿಕೊಡಬೇಕಿಲ್ಲ. ಕೆನರಾ ಬ್ಯಾಂಕ್ 1906ರಲ್ಲಿ ಮಂಗಳೂರಿನಲ್ಲಿ, ಕಾರ್ಪೊರೇಶನ್ ಬ್ಯಾಂಕ್ ಅದೇ ವರ್ಷ ಉಡುಪಿಯಲ್ಲಿ, ಸಿಂಡಿಕೇಟ್ ಬ್ಯಾಂಕ್ 1925ರಲ್ಲಿ ಉಡುಪಿಯಲ್ಲಿ, ವಿಜಯಾ ಬ್ಯಾಂಕ್ 1931ರಲ್ಲಿ ಮಂಗಳೂರಿನಲ್ಲಿ ಹುಟ್ಟಿದವು. ಸಿಂಡಿಕೇಟಿನವರು 1928ರಲ್ಲೇ ಪಿಗ್ಮಿ ಶುರುಮಾಡಿ, ದಿನಕ್ಕೆ ಎರಡಾಣೆಯಂತೆ ಮನೆಮನೆಯಿಂದ ಕೂಡಿಸಿದರು. ಯಾವ ರಾಜಧಾನಿಯ ನೆರವೂ ಇಲ್ಲದೆ, ಯಾವ ದೊಡ್ಡ ಪೇಟೆಯ ನೆರಳೂ ಇಲ್ಲದೆ ಎರಡು ಪುಟ್ಟ ಊರುಗಳು ಇಡೀ ದೇಶಕ್ಕೆ ಬ್ಯಾಂಕು ಕಟ್ಟಿಕೊಟ್ಟವು. 1969ರ ಜುಲೈ 19ರಂದು ಒಂದು ಸುಗ್ರೀವಾಜ್ಞೆ ಬಂತು. ಠೇವಣಿ 50 ಕೋಟಿ ದಾಟಿದ 14 ಬ್ಯಾಂಕುಗಳು ಸರ್ಕಾರದ ಪಾಲಾದವು, ಅವುಗಳಲ್ಲಿ ಕೆನರಾ ಮತ್ತು ಸಿಂಡಿಕೇಟ್ ಸೇರಿದ್ದವು. 1980ರಲ್ಲಿ ಇನ್ನೂ ಆರು ಬ್ಯಾಂಕು, ಅವುಗಳಲ್ಲಿ ಕಾರ್ಪೊರೇಶನ್ ಮತ್ತು ವಿಜಯಾ. ಆಮೇಲೆ ವಿಲೀನ: 2019ರ ಏಪ್ರಿಲ್ 1ರಂದು ವಿಜಯಾ ಬ್ಯಾಂಕ್ ಬ್ಯಾಂಕ್ ಆಫ್ ಬರೋಡಾದೊಳಗೆ, 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಕೆನರಾದೊಳಗೆ, ಕಾರ್ಪೊರೇಶನ್ ಯೂನಿಯನ್ ಬ್ಯಾಂಕಿನೊಳಗೆ. ಯೂನಿಯನ್ ಬ್ಯಾಂಕಿನ ಮುಖ್ಯ ಕಚೇರಿ ಇರುವುದು ಮುಂಬೈಯಲ್ಲಿ. ಹಾಗಾಗಿ ಕರಾವಳಿಯ ಬ್ಯಾಂಕನ್ನು ಮುಂಬೈ ನುಂಗಿತು ಎಂದು ಹೇಳುವವರಿದ್ದಾರೆ. ತೀರ್ಮಾನ ಆಗಿದ್ದು ಮುಂಬೈಯಲ್ಲಲ್ಲ, ದೆಹಲಿಯಲ್ಲಿ. ಮುಂಬೈಗೆ ಸಿಕ್ಕಿದ್ದು ವಿಳಾಸ. ಸರ್ಕಾರದ ಪಾಲಾಗದೆ ಉಳಿದ 1924ರ ಕರ್ಣಾಟಕ ಬ್ಯಾಂಕಿನ ಮುಖ್ಯ ಕಚೇರಿ ಇವತ್ತಿಗೂ ಮಂಗಳೂರಿನಲ್ಲೇ ಇದೆ.

‘ಆದರೆ ಆರ್‌ಬಿಐ ಸ್ವತಂತ್ರ ಅಲ್ಲವೇ?’ ಎಂಬುದು ಅದರ ಹಿಂದೆಯೇ ಬರುವ ಪ್ರಶ್ನೆ. 2016ರ ನವೆಂಬರನ್ನು ಗಂಟೆ ಲೆಕ್ಕದಲ್ಲಿ ನೋಡಿ. ಆರ್‌ಬಿಐ ಕಾಯ್ದೆಯ 26(2)ನೇ ಕಲಂ ಪ್ರಕಾರ ಕೇಂದ್ರ ಮಂಡಳಿ ಶಿಫಾರಸು ಮಾಡಬೇಕು, ಆಮೇಲೆ ಸರ್ಕಾರ ನೋಟು ರದ್ದು ಮಾಡಬಹುದು. ನಡೆದದ್ದು ಹೀಗೆ: ನವೆಂಬರ್ 7ರಂದು ಹಣಕಾಸು ಸಚಿವಾಲಯದಿಂದಲೇ ಆರ್‌ಬಿಐಗೆ ಪತ್ರ ಹೋಯಿತು. 8ರ ಸಂಜೆ 5:30ಕ್ಕೆ ಮಂಡಳಿ ಸಭೆ ಸೇರಿತು, ಮುಂಬೈಯಲ್ಲಲ್ಲ, ದೆಹಲಿಯಲ್ಲಿ. ರಾತ್ರಿ 8ಕ್ಕೆ ಪ್ರಧಾನಿ ಟಿವಿಯಲ್ಲಿ ಮಾತಾಡಿದರು. ಚಲಾವಣೆಯಲ್ಲಿದ್ದ ನೋಟಿನ ಮೌಲ್ಯದ ಸುಮಾರು 86% ಆ ಮಧ್ಯರಾತ್ರಿಗೆ ಬೆಲೆ ಕಳೆದುಕೊಂಡಿತು. 2023ರ ಜನವರಿ 2ರಂದು ಸುಪ್ರೀಂ ಕೋರ್ಟ್ 4-1ರ ಬಹುಮತದಿಂದ ಅದನ್ನು ಎತ್ತಿಹಿಡಿಯಿತು. ಒಪ್ಪದ ಒಬ್ಬರು ಕರ್ನಾಟಕದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ. ಎಲ್ಲವೂ 24 ಗಂಟೆಯಲ್ಲಿ ಮುಗಿದಿದೆ, ಆರ್‌ಬಿಐ ಸ್ವತಂತ್ರವಾಗಿ ವಿವೇಚಿಸಿದ್ದು ಕಾಣುವುದಿಲ್ಲ ಎಂದು ಅವರು ಬರೆದರು. ರಾಜಧಾನಿಗೂ ದುಡ್ಡಿನ ಪೇಟೆಗೂ ಇರುವ ನಂಟನ್ನು ಅರಿಯಬೇಕಾದವರು ಆ ಭಿನ್ನ ತೀರ್ಪನ್ನು ಓದಲೇಬೇಕು.

ಇದೇ ಕಾಯ್ದೆಯ 7ನೇ ಕಲಂ ಇನ್ನೂ ನೇರ. ಗವರ್ನರ್ ಜೊತೆ ಸಮಾಲೋಚಿಸಿ, ಸಾರ್ವಜನಿಕ ಹಿತದ ಹೆಸರಿನಲ್ಲಿ ಕೇಂದ್ರ ಸರ್ಕಾರ ಆರ್‌ಬಿಐಗೆ ನಿರ್ದೇಶನ ಕೊಡಬಹುದು. ಒರೆಯಿಂದ ತೆಗೆಯದ ಕತ್ತಿಯಾದರೂ ಅದು ಅಲ್ಲಿದೆ ಅನ್ನುವುದು ಆರ್‌ಬಿಐ ಮುಖ್ಯ ಕಚೇರಿಯಿರುವ ಮುಂಬೈಯ ಮಿಂಟ್ ರಸ್ತೆಯಲ್ಲಿ ಎಲ್ಲರಿಗೂ ಗೊತ್ತು.

ಹಾಗಾದರೆ ಮುಂಬೈ ಎಂದೂ ‘ಆಗಲ್ಲ’ ಅನ್ನುವುದಿಲ್ಲವೇ? ಅನ್ನುತ್ತದೆ. 2021ರ ಆರಂಭದಲ್ಲಿ 10 ವರ್ಷದ ಕೇಂದ್ರ ಸರ್ಕಾರಿ ಬಾಂಡಿನ ಬಡ್ಡಿಯನ್ನು 6%ದ ಆಸುಪಾಸಿನಲ್ಲೇ ಹಿಡಿದಿಡಲು ಆರ್‌ಬಿಐ ಪಣತೊಟ್ಟಿತ್ತು. ಕೋವಿಡ್ ಖರ್ಚಿನಿಂದ ಸಾಲ ಉಬ್ಬಿತ್ತು, ಕೊಳ್ಳುವವರು ಹೆಚ್ಚು ಬಡ್ಡಿ ಕೇಳಿದರು. ಒಂದಾದ ಮೇಲೊಂದು ಹರಾಜಿನಲ್ಲಿ ಆರ್‌ಬಿಐ ಬಿಡ್‌ಗಳನ್ನು ತಳ್ಳಿಹಾಕಿತು, ಮಾರಾಟವಾಗದ ಬಾಂಡನ್ನು ಪ್ರೈಮರಿ ಡೀಲರ್‌ಗಳ ತಲೆಗೆ ಕಟ್ಟಿತು. ಪೇಟೆಯ ಮಾತಿನಲ್ಲಿ ಇದಕ್ಕೆ ‘ಡಿವಾಲ್ವ್ ಆಯಿತು’ ಅನ್ನುತ್ತಾರೆ. ಉಳಿದದ್ದನ್ನು ಕೊಳ್ಳುತ್ತೇವೆಂದು ಶುಲ್ಕ ಪಡೆದು ಮೊದಲೇ ಒಪ್ಪಿಕೊಂಡಿರುವ ಡೀಲರ್‌ಗಳು ಅದನ್ನು ಕೊಳ್ಳಲೇಬೇಕು. ಸಾಲ ಹೇಗೋ ಹುಟ್ಟಿತು, ಬಡ್ಡಿ ಮಾತ್ರ ಮುಂದಿನ ತಿಂಗಳುಗಳಲ್ಲಿ ಮೇಲಕ್ಕೇ ಹೋಯಿತು. ಬಡ್ಡಿಯನ್ನು ತಡೆಯಬಹುದು, ತಡೆದೇ ಇರಲಾಗದು.

ಪೇಟೆ ಸರ್ಕಾರವನ್ನೇ ಉರುಳಿಸಬೇಕಾದರೆ ಏನು ಬೇಕು ಎಂದು ತಿಳಿಯಲು 2022ರ ಲಂಡನ್ ನೋಡಬೇಕು. ರಾಜಧಾನಿಯೂ ದುಡ್ಡಿನ ಪೇಟೆಯೂ ಒಂದೇ ಊರಲ್ಲಿರುವ ಜಾಗ ಅದು. ಸೆಪ್ಟೆಂಬರ್ 23ರಂದು ಪ್ರಧಾನಿ ಲಿಜ್ ಟ್ರಸ್ ಅವರ ಸರ್ಕಾರ ಹಣದ ಮೂಲ ಹೇಳದೆ ದೊಡ್ಡ ತೆರಿಗೆ ಕಡಿತ ಘೋಷಿಸಿತು. ಸರ್ಕಾರಿ ಬಾಂಡುಗಳ ಬೆಲೆ ಕುಸಿಯಿತು. ಅವನ್ನೇ ಅಡವಿಟ್ಟು ಒಪ್ಪಂದ ಮಾಡಿಕೊಂಡಿದ್ದ ಪಿಂಚಣಿ ನಿಧಿಗಳಿಗೆ ‘ಇನ್ನಷ್ಟು ಒತ್ತೆ ತನ್ನಿ’ ಎಂಬ ಕರೆ ಬಂತು. ಒತ್ತೆಗೆ ನಗದು ಹೊಂದಿಸಲು ಅವು ಬಾಂಡು ಮಾರಿದವು, ಬೆಲೆ ಇನ್ನೂ ಬಿತ್ತು, ಮತ್ತೆ ಒತ್ತೆಯ ಕರೆ. ಈ ಸುಳಿ ನಿಲ್ಲಿಸಲು ಬ್ಯಾಂಕ್ ಆಫ್ ಇಂಗ್ಲೆಂಡ್ ಸೆಪ್ಟೆಂಬರ್ 28ರಂದು 6,500 ಕೋಟಿ ಪೌಂಡ್‌ವರೆಗೆ ಬಾಂಡು ಕೊಳ್ಳಲು ಸಿದ್ಧ ಎಂದು ಪ್ರಕಟಿಸಬೇಕಾಯಿತು. ಅಕ್ಟೋಬರ್ 14ರಂದು ಹಣಕಾಸು ಸಚಿವರು ಹೋದರು, 20ರಂದು ಪ್ರಧಾನಿ ರಾಜೀನಾಮೆ ಘೋಷಿಸಿದರು. ದೆಹಲಿಯಲ್ಲಿ ಹೀಗಾಗುವುದು ಕಷ್ಟ. ನಮ್ಮ ಬಾಂಡುಗಳ ಬಹುಪಾಲು ಇರುವುದು ನಮ್ಮದೇ ಬ್ಯಾಂಕು, ವಿಮೆ, ಭವಿಷ್ಯನಿಧಿಗಳ ಕೈಯಲ್ಲಿ. ಅವು ಮಾರಿ ಓಡುವುದಿಲ್ಲ. ಆ ಭದ್ರತೆಯ ಬೆಲೆಯನ್ನು ಠೇವಣಿದಾರರೂ ಪಾಲಿಸಿದಾರರೂ ಕಡಿಮೆ ಪ್ರತಿಫಲದ ರೂಪದಲ್ಲಿ ತೆರುತ್ತಿದ್ದಾರೆ ಎಂಬುದೂ ನಿಜ.

ದೆಹಲಿ ತಲೆಬಾಗಿದ್ದು 1991ರಲ್ಲಿ. ವಿದೇಶಿ ವಿನಿಮಯ ಎರಡು-ಮೂರು ವಾರದ ಆಮದಿಗೆ ಸಾಕಾಗುವಷ್ಟಕ್ಕೆ ಇಳಿದಿತ್ತು. ಜುಲೈನಲ್ಲಿ ಆರ್‌ಬಿಐ ತನ್ನ ಸುಮಾರು 47 ಟನ್ ಚಿನ್ನವನ್ನು ವಿಮಾನದಲ್ಲಿ ಲಂಡನ್ನಿಗೆ ಕಳಿಸಿ, ಬ್ಯಾಂಕ್ ಆಫ್ ಇಂಗ್ಲೆಂಡ್ ಮತ್ತು ಬ್ಯಾಂಕ್ ಆಫ್ ಜಪಾನ್‌ನಿಂದ ಸುಮಾರು 40 ಕೋಟಿ ಡಾಲರ್ ಸಾಲ ತಂದಿತು. ರೂಪಾಯಿಯನ್ನು ಆರ್‌ಬಿಐ ಮುದ್ರಿಸಬಹುದು, ಡಾಲರನ್ನು ಮುದ್ರಿಸಲಾಗದು. ಅಲ್ಲಿ ದೆಹಲಿಯ ಆಜ್ಞೆಗೂ ಬೆಲೆಯಿಲ್ಲ, ಮುಂಬೈಯ ಲೆಕ್ಕಕ್ಕೂ ಬೆಲೆಯಿಲ್ಲ.

ಡಾಲರಿನ ಊರು ನ್ಯೂಯಾರ್ಕ್, ಸರಿ. ಜಗತ್ತಿನ ಡಾಲರ್ ಪಾವತಿಗಳ ಬಹುಪಾಲು ಕೊನೆಗೆ ಅಲ್ಲಿನ ಬ್ಯಾಂಕುಗಳ ಮೂಲಕವೇ ಇತ್ಯರ್ಥವಾಗಬೇಕು. ಆದರೆ ಯಾರ ಪಾವತಿ ಹಾಯಬಾರದು ಎಂದು ಪಟ್ಟಿ ಬರೆಯುವವರು ವಾಷಿಂಗ್ಟನ್ನಿನ ಖಜಾನೆ ಇಲಾಖೆಯವರು. ಪಟ್ಟಿ ಮೀರಿದ ಫ್ರಾನ್ಸಿನ ಬಿಎನ್‌ಪಿ ಪರಿಬಾ ಬ್ಯಾಂಕ್ 2014ರಲ್ಲಿ ತೆತ್ತ ದಂಡ ಹತ್ತಿರಹತ್ತಿರ 900 ಕೋಟಿ ಡಾಲರ್. ಇದರ ಬಿಸಿ ಸುರತ್ಕಲ್ಲಿಗೂ ತಟ್ಟಿತ್ತು. ಅಲ್ಲಿನ ತೈಲ ಸಂಸ್ಕರಣಾಗಾರ ಎಂಆರ್‌ಪಿಎಲ್ ಆಗ ಇರಾನ್ ಕಚ್ಚಾತೈಲದ ದೊಡ್ಡ ಗ್ರಾಹಕರಲ್ಲೊಂದಾಗಿತ್ತು, ಇರಾನ್ ವಾಷಿಂಗ್ಟನ್ನಿನ ಆ ಪಟ್ಟಿಯಲ್ಲಿತ್ತು. ತೈಲ ಇತ್ತು, ಕೊಳ್ಳುವ ಹಣವೂ ಇತ್ತು, ಹಣ ಕಳಿಸುವ ದಾರಿ ಇರಲಿಲ್ಲ. ಕೊನೆಗೆ 2012ರಲ್ಲಿ ಬೆಲೆಯ 45% ಭಾಗವನ್ನು ಕೋಲ್ಕತ್ತದ ಯೂಕೋ ಬ್ಯಾಂಕಿನಲ್ಲಿ ರೂಪಾಯಿಯಾಗಿಯೇ ಕಟ್ಟುವ ಏರ್ಪಾಡಾಯಿತು. ವಾಷಿಂಗ್ಟನ್ ನ್ಯೂಯಾರ್ಕನ್ನು ಆಯುಧವಾಗಿ ಹಿಡಿದಿದೆ. ಆಯುಧವಿಲ್ಲದ ಕೈಗೆ ಅಷ್ಟು ಬಲ ಬರುತ್ತಿರಲಿಲ್ಲ, ಕೈಯಿಲ್ಲದ ಆಯುಧವೂ ಹಾಗೇ. ಚೀನಾದಲ್ಲಿ ಪ್ರಶ್ನೆಯೇ ಹುಟ್ಟುವುದಿಲ್ಲ: 2020ರ ನವೆಂಬರಿನಲ್ಲಿ ಶಾಂಘೈ ಮತ್ತು ಹಾಂಗ್‌ಕಾಂಗ್‌ನಲ್ಲಿ ಆಂಟ್ ಗ್ರೂಪ್ ಎಂಬ ಆನ್‌ಲೈನ್ ಪಾವತಿ ಕಂಪನಿಯ ಷೇರು ವಹಿವಾಟು ಶುರುವಾಗಲು ಎರಡು ದಿನವಿರುವಾಗ, ಸರ್ಕಾರಿ ನಿಯಂತ್ರಕರು ಮಧ್ಯೆ ಬಂದ ಮೇಲೆ, ಅದನ್ನು ನಿಲ್ಲಿಸಲಾಯಿತು.

ಇದನ್ನು ಕಣ್ಣಾರೆ ನೋಡಬೇಕೆನ್ನುವವರು ಮಂಗಳವಾರ ಸಂಜೆ ಆರ್‌ಬಿಐ ಜಾಲತಾಣದಲ್ಲಿ ರಾಜ್ಯಗಳ ಸಾಲದ ಹರಾಜಿನ ಫಲಿತಾಂಶ ತೆರೆಯಲಿ. 10 ವರ್ಷದ ಸಾಲದಲ್ಲಿ ಕರ್ನಾಟಕದ ಹೆಸರಿದ್ದರೆ ಅದರ ಕಟ್-ಆಫ್ ಬರೆದಿಟ್ಟುಕೊಂಡು, ಅಂದಿನ 10 ವರ್ಷದ ಕೇಂದ್ರ ಬಾಂಡಿನ ಬಡ್ಡಿಯನ್ನು ಅದರಿಂದ ಕಳೆಯಲಿ. ಬೇರೆ ಬೇರೆ ಅವಧಿಯ ಬಾಂಡುಗಳನ್ನು ಹೋಲಿಸಬಾರದು, ಹೆಚ್ಚಿನವರು ಎಡವುವುದು ಅಲ್ಲೇ. ಉಳಿದದ್ದು ಮುಂಬೈ ನಮ್ಮಿಂದ ಕೇಳಿದ ಹೆಚ್ಚುವರಿ. ಆಮೇಲೆ ಅದೇ ಪಟ್ಟಿಯಲ್ಲಿ ಅದೇ ಅವಧಿಗೆ ಸಾಲ ಎತ್ತಿದ, ಸಾಲದ ಹೊರೆ ಹೆಚ್ಚಿರುವ ಪಂಜಾಬೋ ಇನ್ನೊಂದೋ ರಾಜ್ಯದ ಕಟ್-ಆಫ್ ನೋಡಲಿ. ಎರಡರ ನಡುವೆ ಎಷ್ಟು ಕಡಿಮೆ ಅಂತರವಿದೆಯೋ, ಅಷ್ಟು ಗಟ್ಟಿಯಾಗಿ ಆ ಪಟ್ಟಿಯ ಮೇಲೆ ದೆಹಲಿಯ ಕೈ ಇದೆ.